ಲಿಂಕನ್ ಸಹಿ ಹಾಕುವ ಮೊದಲೇ ಹೊರಟವರು



ಅಮೆರಿಕದ ಗುಲಾಮರಿಗೆ ಬಿಡುಗಡೆ ಕೊಡಿಸಿದವರು ಯಾರು? ರೇಡಿಯೋ ಕ್ವಿಜ್‌ನಲ್ಲಿ ಈ ಪ್ರಶ್ನೆ ಕೇಳಿದರೆ ಫೋನ್ ಲೈನ್ ಸಿಗುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ: ಅಬ್ರಹಾಂ ಲಿಂಕನ್. ಉತ್ತರ ತಪ್ಪಲ್ಲ, ಬಹುಮಾನವೂ ಸಿಗುತ್ತದೆ. ಆದರೆ ಆ ಉತ್ತರದೊಳಗೆ ಗುಲಾಮರು ಎಲ್ಲಿದ್ದಾರೆ ಎಂದು ಒಂದು ಕ್ಷಣ ಯೋಚಿಸಿ. ಯಾರೋ ಪುಣ್ಯಾತ್ಮರು ಬಂದು ಸಂಕೋಲೆ ಬಿಚ್ಚಲಿ ಎಂದು ಅವರು ಎರಡೂವರೆ ಶತಮಾನ ಕೈಕಟ್ಟಿ ಕಾಯುತ್ತಿದ್ದರೇ?

ಇಲ್ಲ. 1863ರ ಜನವರಿ 1ರಂದು ಲಿಂಕನ್ ಬಿಡುಗಡೆಯ ಘೋಷಣೆಗೆ ಸಹಿ ಹಾಕುವ ಹೊತ್ತಿಗೆ ಸಾವಿರ ಸಾವಿರ ಜನ ತಮ್ಮ ಕಾಲ ಮೇಲೆ ತಾವೇ ಹೊರಟುಬಿಟ್ಟಿದ್ದರು. ಕೆಲವರು ಕೋರ್ಟಿಗೆ ಹೋಗಿದ್ದರು, ಕೆಲವರು ಕಾಡಿಗೆ. ಒಬ್ಬ ಮರದ ಪೆಟ್ಟಿಗೆಯೊಳಗೆ ಕೂತು ಹೋದ. ಒಬ್ಬ ಹಡಗನ್ನೇ ಹೊಡೆದುಕೊಂಡು ಹೋದ. ಈ ಸಂಚಿಕೆಯ ಮಾತು ಅವರದು.

1619ರ ಆಗಸ್ಟ್ ತಿಂಗಳಲ್ಲಿ ವರ್ಜೀನಿಯಾದ ಪಾಯಿಂಟ್ ಕಂಫರ್ಟ್ ಎಂಬ ಕಡಲತುದಿಗೆ ಒಂದು ಇಂಗ್ಲಿಷ್ ಹಡಗು ಬಂತು. ಪೋರ್ಚುಗೀಸರ ಹಡಗಿನಿಂದ ಕಿತ್ತುಕೊಂಡು ಬಂದ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರು ಅದರಲ್ಲಿದ್ದರು. ಹಡಗಿನವರು ಅವರನ್ನು ಕೊಟ್ಟು ಊಟದ ಸಾಮಾನು ತೆಗೆದುಕೊಂಡರು. ಇಂಗ್ಲಿಷರ ಅಮೆರಿಕದಲ್ಲಿ ಗುಲಾಮಗಿರಿಯ ಕತೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಹೇಳುತ್ತಾರೆ. ಪಾಯಿಂಟ್ ಕಂಫರ್ಟ್ ಎಂಬ ಈ ಹೆಸರನ್ನು ನೆನಪಿಡಿ, ಮತ್ತೆ ಬರುತ್ತದೆ.

ನಮ್ಮ ಕಡೆ ಗುಲಾಮಗಿರಿ ಎಂದ ಕೂಡಲೇ ಜೀತ ಕಣ್ಣ ಮುಂದೆ ಬರುತ್ತದೆ. ಜೀತವೂ ಕ್ರೂರವೇ. ಆದರೆ ಜೀತಕ್ಕೆ ಸಾಲ ಎಂಬ ಒಂದು ನೆಪವಾದರೂ ಇರುತ್ತಿತ್ತು. ಅಮೆರಿಕದಲ್ಲಿ ಅದೂ ಇರಲಿಲ್ಲ. 1662ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿತು: ಹುಟ್ಟುವ ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆ. ಇಂಗ್ಲೆಂಡಿನಲ್ಲಿ ಎಲ್ಲವೂ ತಂದೆಯಿಂದ ಬರುವುದು ವಾಡಿಕೆ. ಇಲ್ಲಿ ಅದನ್ನು ತಿರುಗಿಸಿದರು. ಯಾಕೆಂದರೆ ಎಷ್ಟೋ ಮಕ್ಕಳ ತಂದೆ ಸ್ವತಃ ಬಿಳಿಯ ಯಜಮಾನನೇ. ಹೊಸ ಕಾನೂನಿನ ಪ್ರಕಾರ ಅವನಿಗೆ ಹುಟ್ಟಿದ ಮಗು ಅವನ ಮಗುವಲ್ಲ, ಅವನ ಆಸ್ತಿ. ತೀರಿಸಿ ಬಿಡಿಸಿಕೊಳ್ಳಲು ಸಾಲವೇ ಇಲ್ಲದ, ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತಲೇ ಹೋಗುವ ಲೆಕ್ಕ ಇದು.

ಆ ಲೆಕ್ಕ ಹೇಗೆ ಬೆಳೆಯಿತು ನೋಡಿ. ಇಂದಿನ ಅಮೆರಿಕದ ನೆಲಕ್ಕೆ ಆಫ್ರಿಕದಿಂದ ನೇರವಾಗಿ ತಂದವರು ಸುಮಾರು 4 ಲಕ್ಷ. 1808ರಿಂದ ಹೊರಗಿನಿಂದ ತರುವುದನ್ನು ಕಾನೂನು ನಿಷೇಧಿಸಿತು. ಆದರೂ 1790ರ ಜನಗಣತಿಯಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ಕ್ಕೆ ಹತ್ತಿರ ಹತ್ತಿರ 40 ಲಕ್ಷ ಆದರು.

ಕಾರಣ ಹತ್ತಿ. ಹತ್ತಿಯಿಂದ ಬೀಜ ಬಿಡಿಸುವುದು ಕೈಕೆಲಸವಾಗಿದ್ದಾಗ ಅದೇನೂ ಅಂಥ ಲಾಭದ ಬೆಳೆಯಾಗಿರಲಿಲ್ಲ. 1793ರಲ್ಲಿ ಎಲೈ ವಿಟ್ನಿ ಬೀಜ ಬಿಡಿಸುವ ಯಂತ್ರ ಮಾಡಿದ. ನಮ್ಮ ಹುಬ್ಬಳ್ಳಿ, ಗದಗದ ಮಂದಿ ಜಿನ್ ಎನ್ನುತ್ತಾರಲ್ಲ, ಅದೇ. ಯಂತ್ರ ಬಂದರೆ ಕೂಲಿಯ ಕೆಲಸ ಹಗುರಾಗಬೇಕು ಎಂದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ ಆಯಿತು. ಬೀಜ ಬಿಡಿಸುವುದು ಸುಲಭವಾದಷ್ಟೂ ಬಿತ್ತಲು ನೆಲ, ಬಿಡಿಸಲು ಕೈ ಹೆಚ್ಚು ಬೇಕಾದವು. ವರ್ಜೀನಿಯಾ, ಮೇರಿಲ್ಯಾಂಡ್‌ಗಳಿಂದ ಸುಮಾರು 10 ಲಕ್ಷ ಜನರನ್ನು ಅಲಬಾಮ, ಮಿಸ್ಸಿಸಿಪ್ಪಿ, ಲೂಸಿಯಾನಾದ ಹತ್ತಿ ಹೊಲಗಳಿಗೆ ಸಾಗಿಸಿದರು. ಅವರಲ್ಲಿ ದೊಡ್ಡ ಪಾಲು ಹರಾಜಿನ ಕಟ್ಟೆ ಹತ್ತಿ ಹೋದವರು. ಗಂಡ ಒಂದು ರಾಜ್ಯಕ್ಕೆ, ಹೆಂಡತಿ ಇನ್ನೊಂದಕ್ಕೆ, ಮಕ್ಕಳು ಎಲ್ಲಿಗೋ. ಚಾವಟಿಗಿಂತ ಹೆಚ್ಚು ಹೆದರಿಸುತ್ತಿದ್ದದ್ದು ಈ ಮಾರಾಟ.

ಇಲ್ಲಿ ಮುಂಬಯಿಯ ಕೇಳುಗರಿಗಾಗಿ ಒಂದು ಪಕ್ಕದ ಮಾತು. 1860ರ ಹೊತ್ತಿಗೆ ಇಂಗ್ಲೆಂಡಿನ ಗಿರಣಿಗಳ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಈ ಗುಲಾಮರು ಬಿಡಿಸಿದ್ದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಹತ್ತಿಗಾಗಿ ಇಂಗ್ಲಿಷರು ಮುಂಬಯಿಯ ಕಡೆ ನೋಡಿದರು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗೇರುತ್ತಿದ್ದ ಕಾಲ ಅದು. ವ್ಯಾಪಾರದಲ್ಲಿ ಅದರ ಹೆಸರೇ ಕುಮಟಾ ಹತ್ತಿ. ಅಮೆರಿಕದ ಬೀಜ ತಂದು ಬೆಳೆದ ‘ಧಾರವಾಡ ಅಮೆರಿಕನ್’ ಎಂಬ ತಳಿಯೂ 1840ರ ದಶಕದಿಂದ ಇತ್ತು. ಬೆಲೆ ಗಗನಕ್ಕೇರಿತು, ಮುಂಬಯಿಯಲ್ಲಿ ಹಣ ಹೊಳೆಯಾಗಿ ಹರಿಯಿತು, ಷೇರಿನ ಹುಚ್ಚು ಹತ್ತಿತು. 1865ರಲ್ಲಿ ಯುದ್ಧ ನಿಂತಿತು, ಎಲ್ಲ ಕುಸಿಯಿತು. ಫೋರ್ಟ್ ಕಡೆ ಹೋದಾಗ ಕಾಣುವ ರಾಜಾಬಾಯಿ ಗಡಿಯಾರ ಗೋಪುರಕ್ಕೆ ಹಣ ಕೊಟ್ಟ ಪ್ರೇಮ್‌ಚಂದ್ ರಾಯ್‌ಚಂದ್ ಆ ಹತ್ತಿಯಲ್ಲಿ ಗಳಿಸಿದವರು, ಆ ಕುಸಿತದಲ್ಲಿ ಕಳೆದುಕೊಂಡವರು. ಇರಲಿ, ಮತ್ತೆ ಅಮೆರಿಕಕ್ಕೆ ಹೋಗೋಣ.

ಅಷ್ಟು ಜನ ಇದ್ದರಲ್ಲ, ಯಾಕೆ ದಂಗೆ ಏಳಲಿಲ್ಲ ಎಂದು ಹಲವರು ಕೇಳುತ್ತಾರೆ. ಎದ್ದರು. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೋ ನದಿಯ ಬಳಿ ಎದ್ದರು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಬೋಧಕನ ಮುಂದಾಳತ್ವದಲ್ಲಿ ಎದ್ದು, ಎರಡು ದಿನಗಳಲ್ಲಿ ಹೆಂಗಸರು ಮಕ್ಕಳೂ ಸೇರಿ ಐವತ್ತಕ್ಕೂ ಹೆಚ್ಚು ಬಿಳಿಯರನ್ನು ಕೊಂದರು. ಟರ್ನರ್‌ನನ್ನು ಗಲ್ಲಿಗೇರಿಸಿದ್ದಷ್ಟೇ ಅಲ್ಲ, ದಂಗೆಯ ಗಾಳಿಯೂ ಸೋಕದ ಎಷ್ಟೋ ಕಪ್ಪು ಜನರನ್ನು ಗುಂಪುಗಳು ಹೊಡೆದು ಕೊಂದವು. ಹೆಚ್ಚಿನ ರಾಜ್ಯಗಳಲ್ಲಿ ಬಿಳಿಯರೇ ಸಂಖ್ಯೆಯಲ್ಲಿ ಹೆಚ್ಚು, ಬಂದೂಕು ಅವರ ಕೈಯಲ್ಲಿ, ರಾತ್ರಿ ರಸ್ತೆಗಳಲ್ಲಿ ಕಾವಲು ಪಡೆ. ಎದುರು ನಿಂತು ಗೆಲ್ಲುವ ದಾರಿ ಇರಲಿಲ್ಲ. ಹಾಗಾಗಿ ಬೇರೆ ದಾರಿಗಳನ್ನು ಹುಡುಕಿದರು.

ಕೆಲಸ ನಿಧಾನ ಮಾಡುವುದು, ಗುದ್ದಲಿ ಮುರಿಯುವುದು, ರೋಗದ ನೆಪ ಹೇಳುವುದು ದಿನನಿತ್ಯದ ದಾರಿ. ವರ್ಜೀನಿಯಾ ಮತ್ತು ಉತ್ತರ ಕೆರೊಲಿನಾದ ಗಡಿಯಲ್ಲಿರುವ ಗ್ರೇಟ್ ಡಿಸ್ಮಲ್ ಎಂಬ ಜೌಗು ಕಾಡಿನೊಳಗೆ ತಪ್ಪಿಸಿಕೊಂಡವರು ತಲೆಮಾರುಗಟ್ಟಲೆ ಬಾಳಿದರು. ಉತ್ತರ ಕೆರೊಲಿನಾದ ಹ್ಯಾರಿಯೆಟ್ ಜೇಕಬ್ಸ್ ತನ್ನ ಅಜ್ಜಿಯ ಮನೆಯ ಸೂರಿನ ಕೆಳಗಿನ, 9 ಅಡಿ ಉದ್ದ, 7 ಅಡಿ ಅಗಲ, ಅತಿ ಎತ್ತರದ ಕಡೆಯೂ 3 ಅಡಿ ಮೀರದ ಸಂದಿಯಲ್ಲಿ ಹತ್ತಿರ ಹತ್ತಿರ ಏಳು ವರ್ಷ ಅಡಗಿದ್ದಳು. ಕೆಳಗೆ ಓಡಾಡುವ ತನ್ನ ಮಕ್ಕಳ ದನಿ ಕೇಳುತ್ತಿತ್ತು, ಕೂಗಿ ಕರೆಯುವ ಹಾಗಿರಲಿಲ್ಲ.

ಕೋರ್ಟಿನ ದಾರಿ ಹಿಡಿದವಳು ಮ್ಯಾಸಚೂಸೆಟ್ಸ್‌ನ ಬೆಟ್. ಅಕ್ಷರ ಬಾರದವಳು. 1780ರಲ್ಲಿ ಆ ರಾಜ್ಯದ ಹೊಸ ಸಂವಿಧಾನದಲ್ಲಿ ಮನುಷ್ಯರೆಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು ಬರೆದರು. ಬಿಳಿಯ ಗಂಡಸರು ತಮಗಾಗಿ ಬರೆದುಕೊಂಡ ಮಾತು ಅದು. ಕೇಳಿಸಿಕೊಂಡ ಬೆಟ್ ವಕೀಲರ ಮನೆಗೆ ನಡೆದಳು. ಆ ಎಲ್ಲರಲ್ಲಿ ನಾನೂ ಸೇರುತ್ತೇನಲ್ಲ ಎಂಬುದೇ ಅವಳ ವಾದ. 1781ರಲ್ಲಿ ಕೋರ್ಟು ಒಪ್ಪಿತು, ಯಜಮಾನ 30 ಷಿಲ್ಲಿಂಗ್ ಪರಿಹಾರ ಕೊಡಬೇಕಾಯಿತು. ಎಲಿಜಬೆತ್ ಫ್ರೀಮನ್ ಎಂಬ ಹೆಸರನ್ನು ಆಮೇಲೆ ಅವಳೇ ಇಟ್ಟುಕೊಂಡಳು.

ಇನ್ನು ಫ್ರೆಡರಿಕ್ ಡಗ್ಲಾಸ್. 1818ರಲ್ಲಿ ಮೇರಿಲ್ಯಾಂಡ್‌ನಲ್ಲಿ ಹುಟ್ಟಿದವನು. ಬಾಲ್ಟಿಮೋರಿನ ಮನೆಯೊಡತಿ ಅಕ್ಷರ ಹೇಳಿಕೊಡಲು ಶುರು ಮಾಡಿದ್ದಳು. ಗಂಡ ತಡೆದ. ಓದು ಬಂದರೆ ಇವನು ಗುಲಾಮನಾಗಿ ಉಳಿಯುವುದಿಲ್ಲ ಎಂದು ಅವನ ತಕರಾರು. ಪಕ್ಕದಲ್ಲೇ ನಿಂತಿದ್ದ ಹುಡುಗನಿಗೆ ಅದಕ್ಕಿಂತ ದೊಡ್ಡ ಪಾಠ ಬೇಕಾಗಿರಲಿಲ್ಲ! ಓದೇ ಬಿಡುಗಡೆಯ ದಾರಿ ಎಂದು ಶತ್ರುವೇ ಹೇಳಿಕೊಟ್ಟ ಹಾಗಾಯಿತು. ಬೀದಿಯ ಬಡ ಬಿಳಿಯ ಹುಡುಗರಿಗೆ ಮನೆಯ ರೊಟ್ಟಿ ಕೊಟ್ಟು ಬದಲಿಗೆ ಅಕ್ಷರ ಕಲಿತ. ಹಡಗು ಕಟ್ಟುವಲ್ಲಿ ಬಡಗಿಗಳು ಮರದ ತುಂಡುಗಳಿಗೆ ಎಡ, ಬಲ ಎಂದು ಗುರುತಿಡುವ ಅಕ್ಷರ ನೋಡಿ ಬರೆಯಲು ಕಲಿತ. 1838ರ ಸೆಪ್ಟೆಂಬರ್ 3ರಂದು ನಾವಿಕನ ವೇಷ ಹಾಕಿ, ಇನ್ನೊಬ್ಬನ ನಾವಿಕ ಪತ್ರ ಜೇಬಿನಲ್ಲಿಟ್ಟು ರೈಲು ಹತ್ತಿದ. ಪತ್ರದಲ್ಲಿದ್ದ ವರ್ಣನೆಗೂ ಇವನ ಮುಖಕ್ಕೂ ಹೋಲಿಕೆ ಇರಲಿಲ್ಲ. ಟಿಕೆಟ್ ಕೇಳಲು ಬಂದವನು ಸರಿಯಾಗಿ ನೋಡಲಿಲ್ಲ, ಅಷ್ಟೆ. ಈ ಪ್ರಯಾಣಕ್ಕೆ ಹಣ ಹೊಂದಿಸಿದವಳು ಮನೆಗೆಲಸ ಮಾಡಿಕೊಂಡಿದ್ದ ಆನಾ ಮರ್ರಿ, ಗುಲಾಮಳಲ್ಲದ ಕಪ್ಪು ಹೆಂಗಸು, ಮುಂದೆ ಅವನ ಹೆಂಡತಿ. ಡಗ್ಲಾಸ್‌ನ ಭಾಷಣಗಳನ್ನು ಜಗತ್ತು ನೆನೆಯುತ್ತದೆ, ಆನಾಳನ್ನು ಕಡಿಮೆ.

1845ರಲ್ಲಿ ಡಗ್ಲಾಸ್ ತನ್ನ ಜೀವನಕಥೆ ಬರೆದ. ಅದರಲ್ಲಿ ಹಾಡಿನ ಬಗ್ಗೆ ಹೇಳುವ ಒಂದು ಮಾತು ನಮ್ಮಂಥ ರೇಡಿಯೋದವರಿಗೆ ತಟ್ಟುವಂಥದ್ದು. ಗುಲಾಮರು ಹಾಡುತ್ತಾರೆ, ಹಾಗಾಗಿ ಸುಖವಾಗಿದ್ದಾರೆ ಎಂದು ಉತ್ತರದ ಜನ ತಿಳಿದಿದ್ದರಂತೆ. ಕಣ್ಣೀರು ಹೇಗೆ ಮನಸ್ಸಿನ ಭಾರ ಇಳಿಸುತ್ತದೋ ಹಾಗೆ ಆ ಹಾಡು ಎಂದು ಅವನು ವಿವರಿಸಿದ. ಯುದ್ಧವಾದ ಮೇಲೆ, 1871ರಲ್ಲಿ, ನ್ಯಾಶ್‌ವಿಲ್‌ನ ಫಿಸ್ಕ್ ಎಂಬ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳು, ಹಲವರು ಗುಲಾಮರಾಗಿಯೇ ಹುಟ್ಟಿದವರು, ಇದೇ ಹಾಡುಗಳನ್ನು ವೇದಿಕೆಗೆ ತಂದು ಸಂಸ್ಥೆಗೆ ಹಣ ಕೂಡಿಸಿದರು. ಅದೇ ಪರಂಪರೆಯ ಒಂದು ತಂಡ 1884ರಿಂದ 1890ರವರೆಗೆ ಲೋಕ ಸುತ್ತಿ ಭಾರತಕ್ಕೂ ಬಂದು ಹಾಡಿತ್ತು.

ತಪ್ಪಿಸಿಕೊಂಡವರ ಕತೆಗಳಲ್ಲಿ ಜಾರ್ಜಿಯಾದ ಎಲೆನ್ ಮತ್ತು ವಿಲಿಯಂ ಕ್ರಾಫ್ಟ್ ದಂಪತಿಯದು ಸಿನಿಮಾ ಮೀರಿಸುವಂಥದ್ದು. ಎಲೆನ್‌ಳ ತಂದೆ ಅವಳ ಮೊದಲ ಯಜಮಾನನೇ, ಹಾಗಾಗಿ ಅವಳ ಬಣ್ಣ ಬಿಳಿ. 1848ರ ಡಿಸೆಂಬರಿನಲ್ಲಿ ಅವಳು ಕೂದಲು ಕತ್ತರಿಸಿ, ಪ್ಯಾಂಟು ಕೋಟು ಹಾಕಿ, ರೋಗಿಷ್ಟ ಬಿಳಿಯ ಯಜಮಾನನಾದಳು. ಗಂಡ ವಿಲಿಯಂ ಅವಳ ‘ಗುಲಾಮ’. ಹೆಂಗಸೊಬ್ಬಳು ಗಂಡಾಳನ್ನು ಜೊತೆಗೆ ಕರೆದುಕೊಂಡು ಪ್ರಯಾಣ ಮಾಡುವಂತಿರಲಿಲ್ಲ, ಅದಕ್ಕೇ ಗಂಡಸಿನ ವೇಷ. ಗಡ್ಡ ಮೀಸೆ ಇಲ್ಲದ ಮುಖಕ್ಕೆ ಹಲ್ಲುನೋವಿನವರ ಹಾಗೆ ಬಟ್ಟೆ ಸುತ್ತಿದರು. ಕಣ್ಣಿಗೆ ಹಸಿರು ಕನ್ನಡಕ. ಇನ್ನೊಂದು ತೊಡಕಿತ್ತು: ಹೋಟೆಲಿನಲ್ಲಿ, ಹಡಗಿನಲ್ಲಿ ಸಹಿ ಹಾಕಬೇಕು, ಎಲೆನ್‌ಗೆ ಬರೆಯಲು ಬರುವುದಿಲ್ಲ. ಬಲಗೈಯನ್ನು ಕುತ್ತಿಗೆಗೆ ಜೋಳಿಗೆ ಕಟ್ಟಿ ತೂಗುಹಾಕಿದರು. ಕೈ ನೋಯುವ ಯಜಮಾನನನ್ನು ಸಹಿ ಹಾಕು ಎಂದು ಯಾರು ಒತ್ತಾಯಿಸುತ್ತಾರೆ?

ರೈಲಿನಲ್ಲಿ ಎಲೆನ್ ಪಕ್ಕಕ್ಕೆ ಬಂದು ಕೂತವನು ಅವಳ ಯಜಮಾನನ ಸ್ನೇಹಿತ, ಅವಳನ್ನು ಮನೆಯಲ್ಲಿ ಕಂಡಿದ್ದವನು! ಅವನು ಮಾತಾಡಿಸಿದ. ಎಲೆನ್ ಕಿವುಡಿನ ನಾಟಕವಾಡಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಬಾಲ್ಟಿಮೋರಿನಲ್ಲಿ ಅಧಿಕಾರಿ ತಡೆದ: ಈ ಆಳು ನಿಮ್ಮವನೇ ಎನ್ನಲು ದಾಖಲೆ ಎಲ್ಲಿ? ದಾಖಲೆ ಇರಲಿಲ್ಲ. ರೈಲು ಹೊರಡುವ ಗಂಟೆ ಬಾರಿಸಿತು. ರೋಗಿಯನ್ನು ಕಂಡು ಕನಿಕರಪಟ್ಟ ಅವನು ಬಿಟ್ಟುಬಿಟ್ಟ. ನಾಲ್ಕು ದಿನಗಳ ಪ್ರಯಾಣದ ನಂತರ ಕ್ರಿಸ್‌ಮಸ್ ದಿನದ ಬೆಳಿಗ್ಗೆ ಫಿಲಡೆಲ್ಫಿಯಾ ತಲುಪಿದರು. ಮೊದಲ ದರ್ಜೆಯ ಡಬ್ಬಿಯಲ್ಲಿ, ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೇ.

ಮರುವರ್ಷ ಹೆನ್ರಿ ಬ್ರೌನ್ ಎಂಬವನು ಅದೇ ಊರಿಗೆ ಪಾರ್ಸೆಲ್ ಆಗಿ ಬಂದ. ಹೆಂಡತಿ ಮಕ್ಕಳನ್ನು ಬೇರೆ ರಾಜ್ಯಕ್ಕೆ ಮಾರಿದ ಮೇಲೆ ಅವನು ರಿಚ್ಮಂಡ್‌ನಲ್ಲಿ ಮೂರಡಿಯ ಮರದ ಪೆಟ್ಟಿಗೆಯೊಳಗೆ ಕೂತು ಮೇಲಿನಿಂದ ಮೊಳೆ ಹೊಡೆಸಿಕೊಂಡ. 27 ಗಂಟೆ. ನಡುವೆ ಪೆಟ್ಟಿಗೆಯನ್ನು ತಲೆಕೆಳಗಾಗಿಯೂ ಇಟ್ಟಿದ್ದರು.

ಇವೆಲ್ಲ ದಕ್ಷಿಣದವರ ನಿದ್ದೆ ಕೆಡಿಸಿದವು. 1850ರಲ್ಲಿ ಹೊಸ ಕಾನೂನು ಬಂತು. ತಪ್ಪಿಸಿಕೊಂಡವರನ್ನು ಉತ್ತರದ ಊರುಗಳಲ್ಲೂ ಹಿಡಿಯಬಹುದು, ಸಹಾಯ ಮಾಡಿದವರಿಗೆ ದಂಡ ಮತ್ತು ಜೈಲು. ಸಿಕ್ಕಿಬಿದ್ದವನು ತನ್ನ ಪರವಾಗಿ ಸಾಕ್ಷಿ ಹೇಳುವಂತಿಲ್ಲ. ವಿಚಾರಣೆ ಮಾಡುವ ಕಮಿಷನರನಿಗೆ, ಹಿಡಿದವನನ್ನು ಯಜಮಾನನಿಗೆ ಒಪ್ಪಿಸಿದರೆ 10 ಡಾಲರ್ ಶುಲ್ಕ, ಬಿಟ್ಟರೆ 5 ಡಾಲರ್. ಕಾಗದದ ಕೆಲಸ ಹೆಚ್ಚು ಎಂಬ ಸಮಜಾಯಿಷಿ ಕೊಟ್ಟರಂತೆ. ಬಾಸ್ಟನ್‌ನಲ್ಲಿ ನೆಲೆಸಿದ್ದ ಕ್ರಾಫ್ಟ್ ದಂಪತಿಯನ್ನು ಹುಡುಕಿಕೊಂಡು ಜಾರ್ಜಿಯಾದಿಂದ ಜನ ಬಂದರು. ಊರಿನವರು ಅವರನ್ನು ಅಡಗಿಸಿ, ಆಮೇಲೆ ಇಂಗ್ಲೆಂಡಿಗೆ ಕಳಿಸಿದರು. ಯುದ್ಧ ಮುಗಿದ ಮೇಲೆ ಅವರು ಜಾರ್ಜಿಯಾಕ್ಕೇ ಮರಳಿ ಶಾಲೆ ತೆರೆದರು.

ಆ ಕಾನೂನಿನ ನೆರಳಿನಲ್ಲೇ ಓಡಾಡಿದವಳು ಹ್ಯಾರಿಯೆಟ್ ಟಬ್‌ಮನ್. ಚಿಕ್ಕಂದಿನಲ್ಲಿ ಮೇಸ್ತ್ರಿಯೊಬ್ಬ ಬೇರೆಯವನಿಗೆ ಎಸೆದ ತೂಕದ ಕಬ್ಬಿಣದ ಬಟ್ಟು ಅವಳ ತಲೆಗೆ ಬಡಿದಿತ್ತು. ಜೀವನವಿಡೀ ಇದ್ದಕ್ಕಿದ್ದಂತೆ ನಿದ್ದೆಗೆ ಜಾರುವ ತೊಂದರೆ. 1849ರಲ್ಲಿ ಮೇರಿಲ್ಯಾಂಡ್‌ನಿಂದ ತಪ್ಪಿಸಿಕೊಂಡಳು, ಸುಮ್ಮನೆ ಕೂರದೆ ಸುಮಾರು 13 ಸಲ ವಾಪಸ್ ಹೋಗಿ ಅಣ್ಣತಮ್ಮಂದಿರು, ಮುದಿ ತಂದೆ ತಾಯಿ ಸೇರಿ ಸುಮಾರು 70 ಜನರನ್ನು ಕರೆತಂದಳು. ಚಳಿಗಾಲದ ಉದ್ದ ರಾತ್ರಿಗಳಲ್ಲಿ ಪ್ರಯಾಣ. ಹೊರಡುವುದು ಶನಿವಾರ ರಾತ್ರಿ, ಏಕೆಂದರೆ ಭಾನುವಾರ ಪತ್ರಿಕೆ ಅಚ್ಚಾಗುವುದಿಲ್ಲ, ಹುಡುಕುವ ಜಾಹೀರಾತು ಸೋಮವಾರದವರೆಗೆ ಬರುವುದಿಲ್ಲ.

ಈಗ ಪಾಯಿಂಟ್ ಕಂಫರ್ಟ್. 1619ರ ಹಡಗು ಬಂದ ಆ ಜಾಗದಲ್ಲೇ ಮುಂದೆ ಸರ್ಕಾರ ಮನ್ರೋ ಕೋಟೆ ಕಟ್ಟಿಸಿತ್ತು. 1861ರ ಮೇ ತಿಂಗಳ ಒಂದು ರಾತ್ರಿ, ಯುದ್ಧ ಶುರುವಾಗಿ ತಿಂಗಳೊಂದು ಕಳೆದಿತ್ತು, ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರು ದೋಣಿ ಹುಟ್ಟು ಹಾಕುತ್ತ ಬಂದು ಉತ್ತರದ ಸೈನ್ಯದ ಈ ಕೋಟೆಯಲ್ಲಿ ಆಶ್ರಯ ಕೇಳಿದರು. ಲಿಂಕನ್ ಆಗ ಹೇಳುತ್ತಿದ್ದದ್ದು ಯುದ್ಧ ಒಕ್ಕೂಟ ಉಳಿಸಲು, ಗುಲಾಮಗಿರಿ ತೊಡೆಯಲು ಅಲ್ಲ ಎಂದು. ಕಾನೂನಿನ ಪ್ರಕಾರ ಮೂವರನ್ನೂ ಹಿಂದಿರುಗಿಸಬೇಕು. ಸೇನಾನಿ ಬೆಂಜಮಿನ್ ಬಟ್ಲರ್ ಹುಟ್ಟಾ ವಕೀಲ. ಗುಲಾಮರು ಆಸ್ತಿ ಎಂದು ನೀವೇ ಹೇಳುತ್ತೀರಿ, ಯುದ್ಧದಲ್ಲಿ ಶತ್ರುವಿನ ಆಸ್ತಿ ಜಪ್ತಿ ಮಾಡಬಹುದು, ಹಾಗಾಗಿ ಕೊಡುವುದಿಲ್ಲ ಎಂದ. ಸುದ್ದಿ ಹೊಲದಿಂದ ಹೊಲಕ್ಕೆ ಹಬ್ಬಿತು. ಕೆಲವೇ ವಾರಗಳಲ್ಲಿ ನೂರಾರು ಜನ ಮೂಟೆ ಕಟ್ಟಿಕೊಂಡು ಕೋಟೆಯ ಬಾಗಿಲಿಗೆ ಬಂದರು. ವಾಷಿಂಗ್ಟನ್ನಿನ ದೊರೆಗಳು ಇನ್ನೂ ಚರ್ಚೆ ಮಾಡುತ್ತಿದ್ದ ಪ್ರಶ್ನೆಯನ್ನು ಈ ಮೂವರು ಒಂದು ದೋಣಿಯಲ್ಲಿ ತಂದು ಮೇಜಿನ ಮೇಲೆ ಇಟ್ಟರು.

ಮರುವರ್ಷ ಚಾರ್ಲ್‌ಸ್ಟನ್‌ನಲ್ಲಿ ರಾಬರ್ಟ್ ಸ್ಮಾಲ್ಸ್. 23 ವರ್ಷದವನು, ದಕ್ಷಿಣದವರ ಪ್ಲಾಂಟರ್ ಎಂಬ ಉಗಿಹಡಗಿನ ಚುಕ್ಕಾಣಿ ಹಿಡಿಯುವವನು. ಹೆಂಡತಿ ಹಾನಾ ಮತ್ತು ಮಗುವನ್ನು ಅವರ ಯಜಮಾನನಿಂದ ಕೊಳ್ಳಲು 800 ಡಾಲರ್ ಬೇಕಿತ್ತು. ಕೂಡಿಟ್ಟದ್ದು 100. ಅವನ ಸಂಬಳದ ಬಹುಪಾಲು ಅವನ ಯಜಮಾನನಿಗೇ ಹೋಗುತ್ತಿತ್ತು. 1862ರ ಮೇ 13ರ ನಸುಕಿನಲ್ಲಿ ಬಿಳಿಯ ಕ್ಯಾಪ್ಟನ್ ಮತ್ತು ಅಧಿಕಾರಿಗಳು ನಿಯಮ ಮುರಿದು ದಡದಲ್ಲಿ ಮಲಗಲು ಹೋಗಿದ್ದರು. ಸ್ಮಾಲ್ಸ್ ಕ್ಯಾಪ್ಟನ್‌ನ ಹುಲ್ಲಿನ ಟೋಪಿ ತಲೆಗಿಟ್ಟ. ಇನ್ನೊಂದು ಕಟ್ಟೆಯಲ್ಲಿ ಕಾಯುತ್ತಿದ್ದ ಹೆಂಗಸರು ಮಕ್ಕಳನ್ನು ಹತ್ತಿಸಿಕೊಂಡ. ಬಂದರಿನಲ್ಲಿ ಒಂದಾದ ಮೇಲೊಂದು ಕೋಟೆ, ತೋಪುಗಳ ಬಾಯಿ. ಕ್ಯಾಪ್ಟನ್ ನಿಲ್ಲುತ್ತಿದ್ದ ಹಾಗೆಯೇ ನಿಂತು, ಅವನು ಊದುತ್ತಿದ್ದ ಸಂಕೇತದ ಸೀಟಿಯನ್ನೇ ಊದಿ ದಾಟಿದ. ಕತ್ತಲೆಯಲ್ಲಿ ಟೋಪಿ ಕಂಡಿತು, ಮುಖ ಕಾಣಲಿಲ್ಲ. ಹೊರಗಿದ್ದ ಉತ್ತರದ ಹಡಗು ಇನ್ನೇನು ಗುಂಡು ಹಾರಿಸಬೇಕು, ಅಷ್ಟರಲ್ಲಿ ಬಿಳಿ ಹಾಸಿಗೆ ಹೊದಿಕೆಯೊಂದು ಧ್ವಜವಾಗಿ ಮೇಲೇರಿತು. ಹಡಗಿನಲ್ಲಿ 16 ಜನ, ಜೊತೆಗೆ ದಕ್ಷಿಣದವರ ತೋಪುಗಳು.

ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಿ ಎಂದು ವಾಷಿಂಗ್ಟನ್ನಿಗೆ ಹೋಗಿ ಕೇಳಿದವರಲ್ಲಿ ಸ್ಮಾಲ್ಸ್ ಕೂಡ ಒಬ್ಬ. ಯುದ್ಧ ಮುಗಿಯುವ ಹೊತ್ತಿಗೆ ಸೈನ್ಯದಲ್ಲಿ ಸುಮಾರು 1 ಲಕ್ಷ 80 ಸಾವಿರ ಕಪ್ಪು ಸೈನಿಕರು ದುಡಿದಿದ್ದರು. ಟಬ್‌ಮನ್ ಕೂಡ 1863ರ ಜೂನ್‌ನಲ್ಲಿ ಕೊಂಬಾಹೀ ನದಿಯಲ್ಲಿ ಸೈನ್ಯದ ದೋಣಿಗಳಿಗೆ ದಾರಿ ತೋರಿಸಿ ಒಂದೇ ದಾಳಿಯಲ್ಲಿ 700ಕ್ಕೂ ಹೆಚ್ಚು ಜನರನ್ನು ಬಿಡಿಸಿದಳು. ಸ್ಮಾಲ್ಸ್ ಮುಂದೆ ತಾನು ಗುಲಾಮನಾಗಿ ಹುಟ್ಟಿದ ಯಜಮಾನನ ಮನೆಯನ್ನೇ ಕೊಂಡುಕೊಂಡ. 1875ರಲ್ಲಿ ಅಮೆರಿಕದ ಸಂಸತ್ತಿಗೆ ಹೋದ.

ಲಿಂಕನ್‌ರ ಪಾತ್ರ ಸಣ್ಣದು ಎಂದು ಹೇಳುತ್ತಿಲ್ಲ. ಆ ಸಹಿ ಇಲ್ಲದೆ ಆಗುತ್ತಿರಲಿಲ್ಲ. ಆದರೆ 1863ರ ಘೋಷಣೆ ಬಂಡೆದ್ದ ರಾಜ್ಯಗಳಿಗೆ ಮಾತ್ರ. ಇಡೀ ದೇಶದಲ್ಲಿ ಗುಲಾಮಗಿರಿ ರದ್ದಾದದ್ದು 1865ರ ಡಿಸೆಂಬರಿನಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ. ಅದರಲ್ಲೂ ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸುವುದಕ್ಕೆ ವಿನಾಯಿತಿ ಇಟ್ಟರು. ಕೆಲಸವಿಲ್ಲದೆ ಅಲೆದ ಎಂಬಂಥ ‘ಅಪರಾಧ’ಕ್ಕೆ ಹಿಡಿದು ಕೈದಿಗಳನ್ನು ಹೊಲ, ಗಣಿಗಳಿಗೆ ಬಾಡಿಗೆಗೆ ಕೊಡುವ ದಂಧೆ ಆ ಸಂದಿಯಿಂದಲೇ ನುಸುಳಿತು. 1862ರಲ್ಲಿ ವಾಷಿಂಗ್ಟನ್ ನಗರದ ಗುಲಾಮರನ್ನು ಬಿಡಿಸಿದಾಗ ಸರ್ಕಾರ ತಲೆಗೆ 300 ಡಾಲರ್‌ವರೆಗೆ ಪರಿಹಾರ ಕೊಟ್ಟಿತು. ಕೊಟ್ಟದ್ದು ಯಜಮಾನರಿಗೆ.

ಪುಣೆಯ ಕೇಳುಗರಿಗೆ ಗೊತ್ತಿರಬಹುದು, ಜ್ಯೋತಿರಾವ್ ಫುಲೆ 1873ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದ್ದು ಗುಲಾಮಗಿರಿ ತೊಡೆಯಲು ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ. ನಮ್ಮ ದೇಶದವರೂ ಆ ಮಾದರಿ ಹಿಡಿದು ಶೂದ್ರರನ್ನು ಬಿಡಿಸಲಿ ಎಂಬುದು ಅವರ ಆಸೆ. ಯುದ್ಧ ಮುಗಿದು ಎಂಟೇ ವರ್ಷ. ಪುಣೆಯಲ್ಲಿ ಕೂತು ಅಷ್ಟು ದೂರದ ಸಂಗತಿಯಲ್ಲಿ ತಮ್ಮ ಮನೆಯ ಮಾತು ಕಂಡವರು ಫುಲೆ.

ಬಿಡುಗಡೆಯಾದ ಜನ ಮೊದಲು ಮಾಡಿದ್ದೇನು ಗೊತ್ತೇ? ಕಳೆದುಹೋದವರನ್ನು ಹುಡುಕಲು ಹೊರಟರು. ಹರಾಜಿನಲ್ಲಿ ಅಗಲಿದ ಅಮ್ಮ, ಅಣ್ಣ, ಮಗಳು. ವಿಳಾಸವಿಲ್ಲ, ಕೆಲವೊಮ್ಮೆ ಹೆಸರೂ ಬದಲಾಗಿದೆ. ಕಪ್ಪು ಜನರ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು: ನನ್ನ ತಾಯಿಯ ಹೆಸರು ಇದು, ಮಾರಿದವನು ಇಂಥವನು, ಕೊಂಡವನು ಇಂಥವನು, ಆಗ ನನಗೆ ಇಷ್ಟು ವಯಸ್ಸು. ನ್ಯೂ ಆರ್ಲಿಯನ್ಸ್‌ನ ಒಂದು ಚರ್ಚ್ ಪತ್ರಿಕೆ ಇದಕ್ಕೆಂದೇ ‘ಕಳೆದುಹೋದ ಗೆಳೆಯರು’ ಎಂಬ ಅಂಕಣ ನಡೆಸಿತು. ಒಂದು ಪ್ರಕಟಣೆಗೆ 50 ಸೆಂಟ್. ಓದು ಬಾರದವರೇ ಹೆಚ್ಚು ಇದ್ದ ಕಾರಣ, ಈ ಪತ್ರಗಳನ್ನು ಭಾನುವಾರದ ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕೆಂದು ಪತ್ರಿಕೆ ಪಾದ್ರಿಗಳನ್ನು ಕೇಳಿಕೊಂಡಿತ್ತು. ಬಿಡುಗಡೆಯಾಗಿ ಮೂವತ್ತು ವರ್ಷ ಕಳೆದ ಮೇಲೂ, 1900ರ ಆಚೀಚೆಯವರೆಗೂ, ಜನ ಆ ಜಾಹೀರಾತುಗಳನ್ನು ಕೊಡುತ್ತಲೇ ಇದ್ದರು.